ಕೊನೆಯ ಜಾಡಿ ಕ್ಲೋರಿನ್ ಪುಡಿ

"ಕೇಳ್ರಪ್ಪೋ ಕೇಳ್ರಿ! ಬಾವಿ ನೀರು ಕುಡಿದವರು ವಾಂತಿಭೇದಿಯಿಂದ ಸಾಯುತ್ತಿದ್ದಾರೆ. ಅರಮನೆಯಲ್ಲಿ ಉಳಿದಿರುವುದು ಒಂದೇ ಜಾಡಿ ಕ್ಲೋರಿನ್ ಪುಡಿ. ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವರಿಗೆ ಆ ಜಾಡಿ. ತಪ್ಪಿದವರು ಅದೇ ಬಾವಿಯ ನೀರನ್ನು ಒಂದು ಬಟ್ಟಲು ಕುಡಿಯಬೇಕು!"

ಈ ಡಂಗುರ ಕೇಳಿ ಮಡಿವಾಳರ ಹುಚ್ಚೀರ ಅರಮನೆಗೆ ಓಡಿದ. ಅವನ ಹೆಂಡತಿ ಆಗಲೇ ಈ ರೋಗದಿಂದ ತೀರಿಹೋಗಿದ್ದಳು. ಮಗಳು ನಿಂಗಿಗೆ ರೋಗ ತಗುಲಿರಲಿಲ್ಲ, ಆದರೆ ಬಾಯಾರಿಕೆಯಿಂದ ನಾಲಿಗೆ ಒಣಗಿತ್ತು. ಊರಿನಲ್ಲಿ ಬೇರೆ ನೀರಿಲ್ಲ. ಕುದಿಸೋಣವೆಂದರೆ ಸೌದೆಯೆಲ್ಲ ಚಿತೆಗಳಿಗೆ ಹೋಗಿತ್ತು.

"ಹಿಂದೆ ಬಾವಿಗೆ ಹಾಕಿದ ಜಾಡಿಗಳೆಲ್ಲ ದಂಡವಾದವು. ಇದನ್ನೂ ತಿಳಿಯದವರ ಕೈಗೆ ಕೊಡಲಾರೆ," ಎಂದಳು ರಾಜಕುಮಾರಿ. "ಕಳ್ಳರನ್ನು ಹಿಡಿಯಲು ಬಂದ ಕಾವಲುಗಾರ ದಾರಿಯ ಕಸದೊಂದಿಗೇ ಬಡಿದಾಡಿ ಸತ್ತ. ಯಾರವನು?"

"ಹೇಡಿ ಸಿಪಾಯಿ," ಎಂದ ದಂಡನಾಯಕನ ಮಗ ಬಿಜ್ಜಣ. ಬಟ್ಟಲು ಬಂತು. ಅಳುತ್ತಲೇ ಕುಡಿದ.

ಹುಚ್ಚೀರ ಮುಂದೆ ಬಂದ. "ಈ ಪುಡಿಯೇ, ತಾಯಿ. ಅರಮನೆಯ ಬಟ್ಟೆ ಬಿಳುಪಾಗಿಸಲು ಇದನ್ನು ಕೊಡುತ್ತಿದ್ದಾಗ, ನಾವು ಕೊಳೆ ಬಟ್ಟೆಯನ್ನು ಮೊದಲು ಜಾಲಿಸಿ ಆಮೇಲೆ ಪುಡಿನೀರಿಗೆ ಅದ್ದುತ್ತಿದ್ದೆವು. ಇಲ್ಲದಿದ್ದರೆ ಪುಡಿಯ ಶಕ್ತಿಯೆಲ್ಲ ಮಣ್ಣಿಗೇ ಖರ್ಚು. ಬಾವಿಯಲ್ಲೂ ಹಾಗೇ. ಕೆಸರಿದ್ದರೆ ರೋಗವನ್ನು ಕೊಲ್ಲಲು ಪುಡಿ ಉಳಿಯದು."

"ಸರಿ. ಕಸ ತೆಗೆದರೂ ಕಾವಲುಗಾರ ಸೋತ, ಯಜಮಾನ ಒಂದನ್ನು ಕೊಡಲಿಲ್ಲ. ಏನದು?"

"ಇನ್ನಷ್ಟು ಪುಡಿ!" ಎಂದ ಆಸ್ಥಾನದ ವೈದ್ಯ. ಅವನಿಗೂ ಬಟ್ಟಲು.

"ಹೊತ್ತು," ಎಂದ ಹುಚ್ಚೀರ. "ಅದ್ದಿದೊಡನೆ ಹಿಂಡಿದರೆ ಕಲೆ ಹೋಗದು. ಪುಡಿ ಹಾಕಿದೊಡನೆ ಕುಡಿದರೆ ರೋಗ ಸಾಯದು."

"ಕೆಲಸ ಮುಗಿಸಿದ ಮೇಲೂ ಅವನು ಹೊರಟುಹೋಗಬಾರದು. ನೀರಲ್ಲಿ ಉಳಿದಿದ್ದಾನೆಂದು ಕಣ್ಣಿಗೆ ಕಾಣದೆ ತಿಳಿಯುವುದು ಹೇಗೆ?"

ಹುಚ್ಚೀರ ಜಾಡಿಯನ್ನೇ ದಿಟ್ಟಿಸಿದ.

"ಏನೋ ಹುಚ್ಚೀರಾ, ಬಟ್ಟಲು ತುಂಬಿಸಲೇ?" ಎಂದು ಸೇವಕ ನಕ್ಕ.

ಮಗಳನ್ನು ನೆನೆದು ಅವನು ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ಒಗೆತದಿಂದ ಅಂಗೈಗೆ ಹತ್ತಿದ್ದ ಪುಡಿಯ ವಾಸನೆ ಮೂಗಿಗೆ ಬಡಿದು ತಟ್ಟನೆ ತಲೆ ಎತ್ತಿದ. "ನಾತ! ಸ್ವಲ್ಪ ನಾತ ಉಳಿಯಬೇಕು, ತಾಯಿ. ಅದೂ ಹೋಗಿದ್ದರೆ ಪುಡಿ ಪೂರ್ತಿ ಖರ್ಚಾಗಿದೆಯೆಂದು ಅರ್ಥ. ಆಮೇಲೆ ಯಾರೋ ಕೊಳಕು ಕೈ ಅದ್ದಿದರೂ ಮತ್ತೆ ರೋಗ."

ರಾಜಕುಮಾರಿ ಜಾಡಿ ಕೊಟ್ಟಳು. "ಅರ್ಧ ರಾಜ್ಯವೂ ನಿನ್ನದು."

"ರಾಜ್ಯ ಆಮೇಲೆ, ತಾಯಿ!"

ಹುಚ್ಚೀರ ಊರವರೊಂದಿಗೆ ಬಾವಿಯ ಕೆಸರೆತ್ತಿ, ತಿಳಿನೀರಿಗೆ ಪುಡಿ ಬೆರೆಸಿ, ಕೊಡ ತುಂಬಿಕೊಂಡು ಮನೆಗೆ ಬಂದ. "ಅಪ್ಪಾ, ನೀರು," ಎಂದು ನಿಂಗಿ ಕೊಡಕ್ಕೆ ಕೈಚಾಚಿದಳು. ಅವನು ಆ ಕೈಯನ್ನು ಹಿಡಿದು ತಡೆದ. ಅವಳು ಅತ್ತಳು, ಬೈದಳು. ಹೊತ್ತು ತುಂಬುವವರೆಗೂ ಅವನು ಕೈ ಬಿಡಲಿಲ್ಲ. ಆಮೇಲೆ ನೀರನ್ನು ಮೂಸಿ ನೋಡಿ ಅವಳ ಬಾಯಿಗೆ ಹಿಡಿದ.

ಒಂದು ಗುಟುಕಿಗೇ ನಿಂಗಿ ಮುಖ ಕಿವುಚಿದಳು. "ಥೂ! ನಾತ, ಅಪ್ಪಾ!"

"ಹೌದವ್ವಾ, ನಾತ," ಎಂದು ಅವನು ಗಳಗಳ ಅತ್ತ. "ಕುಡಿ."