ಚಿರತೆಯ ಅಗ್ಗದ ಬೇಟೆ

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕಡಲಾಚೆಯ ದ್ವೀಪದಲ್ಲಷ್ಟೇ ಹುಟ್ಟುವ ಜಾತಿಯ ಕಡವೆಯನ್ನು ಹೊಡೆದು ತರುತ್ತೇನೆಂದು ಜಿಪುಣ ಚಿರತೆಯೊಂದು ಮಾವನ ಮನೆಯಲ್ಲಿ ಜಂಬ ಕೊಚ್ಚಿತ್ತು. ಕಡಲು ದಾಟಿಸಲು ಮೊಸಳೆಯೊಂದು ಒಪ್ಪಿತು.

“ಸವಾರಿಗೆ ಒಂದು ಮೀನು ಸಾಕು, ಚಿರತಪ್ಪ. ಸಾಮಾನಿದ್ದರೆ ಇನ್ನೊಂದು.”

“ಸಾಮಾನೆಲ್ಲಿದೆ ಮಾರಾಯ? ಬರೀ ಹಲ್ಲು, ಉಗುರು!”

“ಅವೂ ಸಾಮಾನೇ.”

“ಹಾಗಾದರೆ ಮನೆಯಲ್ಲೇ ಇರಲಿ ಬಿಡು!” ಎಂದು ಚಿರತೆ ಎರಡನ್ನೂ ಕಳಚಿ ಹೆಂಡತಿಗೆ ಒಪ್ಪಿಸಿ, ಮೀನು ಉಳಿಸಿದ ಖುಷಿಯಲ್ಲಿ ಮೊಸಳೆಯ ಬೆನ್ನೇರಿತು.

ದ್ವೀಪದಲ್ಲಿ ಇಳಿದದ್ದೇ ಕಡವೆಯ ಮೇಲೆ ಹಾರಿ ಕುತ್ತಿಗೆಗೆ ಬಾಯಿ ಹಾಕಿತು. ಕಡವೆಗೆ ಕಚಗುಳಿಯಾಯಿತು. “ಇಷ್ಟು ದೂರ ಮುದ್ದಿಸಲು ಬಂದಿರಾ, ಸ್ವಾಮಿ?” ಎಂದು ನಕ್ಕು, ಕೊಂಬಿನಲ್ಲೆತ್ತಿ ಎಸೆಯಿತು. ಎಸೆದ ರಭಸಕ್ಕೆ ಚಿರತೆ ಈಚೆ ದಡದಲ್ಲೇ ಬಿದ್ದು, “ಸದ್ಯ, ವಾಪಸು ಬರುವ ಬಾಡಿಗೆಯೂ ಉಳಿಯಿತು!” ಎಂದಿತು.

ಒಂದೇ ಒಂದು ಸಣ್ಣ ಸುಳ್ಳು ಸೇರಿಸಿದ್ದೇನೆ: ಕಡವೆ ‘ಸ್ವಾಮಿ’ ಅನ್ನಲಿಲ್ಲ.