ಟ್ರೆಡ್‌ಮಿಲ್ಲಿಗೆ ಹಾರ

ಸಕ್ಕರೆ ಕಾಯಿಲೆ ಹೀಗೇ ಏರಿದರೆ ಕಾಲಿಗೇ ಕುತ್ತು ಎಂದು ಡಾಕ್ಟರು ಗದರಿಸಿದ ಮೇಲೆ ವಿರೂಪಾಕ್ಷಯ್ಯನವರು ಒಂದು ಟ್ರೆಡ್‌ಮಿಲ್ ತಂದು ಹಜಾರದಲ್ಲಿ ನಿಲ್ಲಿಸಿದರು. ಅದು ಹೊಸ್ತಿಲಾಚೆ ಬಿದ್ದಿದ್ದ ಹವಾಯಿ ಚಪ್ಪಲಿಯನ್ನು ಕೇಳಿತು: "ಏನಯ್ಯಾ, ನಿನ್ನ ವೇಗ ಎಷ್ಟು?"

"ವೇಗ ಗೊತ್ತಿಲ್ಲ ಸ್ವಾಮಿ. ಯಜಮಾನರನ್ನು ಹಾಲಿನ ಬೂತಿಗೆ ಕರೆದುಕೊಂಡು ಹೋಗಿ ಬರುತ್ತೇನೆ."

"ಬರೀ ಬೂತಿಗೆ? ನಾಳೆಯಿಂದ ನೋಡು, ನಾನು ಅವರನ್ನು ಕುದುರೆಯಂತೆ ಓಡಿಸುತ್ತೇನೆ."

ಮರುದಿನ ಓಡಿಸಿತು ಕೂಡ. ಅದರ ಮರುದಿನ ವಿರೂಪಾಕ್ಷಯ್ಯನವರು ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿದರು. ಆಮೇಲೆ ಟ್ರೆಡ್‌ಮಿಲ್ಲಿನ ಹಿಡಿಕೆಯ ಮೇಲೆ ಒದ್ದೆ ಪಂಚೆ ಒಣಗಿತು, ಪಟ್ಟಿಯ ಮೇಲೆ ಹಪ್ಪಳ ಒಣಗಿತು. ಮಂಡಿನೋವು ಇಳಿದ ಮೇಲೆ ಚಪ್ಪಲಿ ಅವರನ್ನು ಮತ್ತೆ ಬೂತಿಗೆ ಕರೆದೊಯ್ದಿತು. ಕೆಲವು ವಾರ ಕಳೆದು ಬೂತಿನಾಚೆಯ ಹೂವಿನಂಗಡಿಗೆ, ಇನ್ನೂ ಕೆಲವು ವಾರ ಕಳೆದು ಕೆರೆ ಏರಿಗೆ ಮೆಲ್ಲಗೆ ನಡೆಸಿತು. ಸಕ್ಕರೆ ಇಳಿಯಿತು.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಯಜಮಾನರು ಹಿಡಿಕೆಯ ಮೇಲಿನ ಪಂಚೆ ಸರಿಸಿ, ಟ್ರೆಡ್‌ಮಿಲ್ಲಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, "ನನ್ನ ಕಾಲು ಉಳಿಸಿದ ದೇವರು ನೀನು" ಎಂದು ಕೈಮುಗಿದರು.

"ನೋಡಿದೆಯಾ?" ಎಂದು ಟ್ರೆಡ್‌ಮಿಲ್ ಬೀಗಿತು.

"ನೋಡಿದೆ ಸ್ವಾಮಿ. ಆ ಹಾರ ತರಲು ಯಜಮಾನರು ನನ್ನನ್ನು ಮೆಟ್ಟಿಕೊಂಡು ಮಾರ್ಕೆಟ್ಟಿನವರೆಗೂ ನಡೆದಿದ್ದರು" ಎಂದಿತು ಚಪ್ಪಲಿ.

ಪೂಜೆ ಮುಗಿಯಿತು. ಯಜಮಾನರು ಚಪ್ಪಲಿ ಮೆಟ್ಟಿ ಕೆರೆ ಏರಿಯ ಕಡೆ ಹೊರಟರು. ಅವರ ಹೆಂಡತಿ ಬಂದು, ಹಾರ ಬಾಡದಿರಲಿ ಎಂದು ಟ್ರೆಡ್‌ಮಿಲ್ಲಿನ ಮೇಲೆ ಒಂದು ಒದ್ದೆ ಟವೆಲ್ ಹರವಿದರು.