ಬಾರದವರ ಗಂಟು

ಈ ಕಥೆಯ ಗುರುಗಳು ನನ್ನನ್ನು ಕೇಳದೆ ಯಾವ ರೋಗಿಗೂ ಔಷಧ ಕೊಡುತ್ತಿರಲಿಲ್ಲ.

ಸುಳ್ಳು. ಅವರ ಕಾಲದಲ್ಲಿ ನನ್ನ ಮುತ್ತಜ್ಜನೂ ಹುಟ್ಟಿರಲಿಲ್ಲ. ಮಿಕ್ಕದ್ದರಲ್ಲೂ ಒಂದೆರಡು ಮಾತು ನಾನು ಸೇರಿಸಿರಬಹುದು, ಹುಡುಕಲು ಹೋಗಬೇಡಿ.

ಹೊಳೆದಂಡೆಯ ಆಶ್ರಮ. ಕಲ್ಲಯ್ಯ ಗುರುಗಳು ಗಾಯ ವಾಸಿ ಮಾಡುವುದರಲ್ಲಿ ಹೆಸರಾದವರು. ಶಿಷ್ಯರು ಇಬ್ಬರು, ಬಾಚಣ್ಣ ಮತ್ತು ಸೋಯಿದೇವ. ಇಬ್ಬರೂ ಗಾಯಕ್ಕೆ ಒಂದೊಂದು ಹೊಸ ಲೇಪ ಅರೆದಿದ್ದರು.

ಯಾವುದು ಮೇಲೋ ಅದನ್ನು ಗುರುಗಳು ಓಲೆಗರಿಯಲ್ಲಿ ಬರೆಸುತ್ತಾರೆ. ಮುಂದೆ ಹುಟ್ಟುವ ವೈದ್ಯರೂ ಅದನ್ನೇ ಹಚ್ಚುತ್ತಾರೆ.

ಇಬ್ಬರಿಗೂ ಐವತ್ತೈವತ್ತು ರೋಗಿಗಳು. ಒಂಬತ್ತನೇ ದಿನ ಅವರು ಬಂದು ಗಾಯ ತೋರಿಸಬೇಕು. ವಾಸಿಯಾದ ಒಬ್ಬೊಬ್ಬರಿಗೂ ಶಿಷ್ಯ ತನ್ನ ಹುರಿಯಲ್ಲಿ ಒಂದು ಗಂಟು ಹಾಕಬೇಕು.

ಸೋಯಿದೇವನ ಹುರಿಯಲ್ಲಿ ನಲವತ್ತು ಗಂಟು. ಬಾಚಣ್ಣನದರಲ್ಲಿ ಮೂವತ್ತೊಂದು.

ಬಾಚಣ್ಣನಿಗೆ ತುತ್ತು ಇಳಿಯಲಿಲ್ಲ. ಸೋಯಿದೇವ ಸೀನಿದರೂ ಜಂಭ ಎನ್ನಿಸುತ್ತಿತ್ತು.

"ಗುರುಗಳೇ, ಅವನು ಮೋಸ ಮಾಡಿದ್ದಾನೆ."

"ಎಲ್ಲಿ?"

"ಗೊತ್ತಿಲ್ಲ. ಆದರೆ ಅವನ ಮುಖ ನೋಡಿ."

"ಮುಖ ಬಿಡು. ಹುರಿ ನೋಡು."

ಬಾಚಣ್ಣ ಹುರಿ ಹಿಡಿದು ಸೋಯಿದೇವನ ಎದುರು ಕೂತ.

"ಈ ಗಂಟು ಯಾರದು?"

"ಕುಂಬಾರ ಕೇತಯ್ಯನದು. ಬಂದು ತೋರಿಸಿ ಹೋದ."

"ಇದು?"

"ಅಂಬಿಗರ ಮಾಳವ್ವನದು. ಅವಳು ಬರಲಿಲ್ಲ."

"ಬಾರದವಳಿಗೆ ಗಂಟು ಯಾಕಯ್ಯ?"

"ನೋವಿದ್ದಿದ್ದರೆ ಬರುತ್ತಿರಲಿಲ್ಲವೇ? ವಾಸಿಯಾಗಿದೆ, ಅದಕ್ಕೇ ಬಂದಿಲ್ಲ."

ಅಂಥ ಗಂಟು ಹನ್ನೆರಡಿದ್ದವು.

ಬಾಚಣ್ಣ ಊಟಕ್ಕೂ ಕೂರದೆ ಹೊರಟ. ಆರು ದಿನ ನಡೆದ. ಹನ್ನೆರಡು ಮನೆಯ ಬಾಗಿಲು ತಟ್ಟಿದ. ಹಿಂತಿರುಗಿದಾಗ ಕಾಲು ಊದಿತ್ತು, ಮುಖ ಮಾತ್ರ ಮದುವಣಿಗನದು.

"ಗುರುಗಳೇ, ಹನ್ನೆರಡರಲ್ಲಿ ಹತ್ತು ಪೊಳ್ಳು. ಮಾಳವ್ವನ ಕಾಲು ಕೀವುಗಟ್ಟಿದೆ. ನಡೆಯಲಾಗದೆ ಬಂದಿಲ್ಲ, ವಾಸಿಯಾಗಿ ಅಲ್ಲ."

ಗುರುಗಳು ಸೋಯಿದೇವನ ಹುರಿಯಿಂದ ಹತ್ತು ಗಂಟು ಬಿಚ್ಚಿದರು. ಬಿಗಿಯಾಗಿದ್ದವು, ಹೊತ್ತು ಹಿಡಿಯಿತು.

"ಒಳ್ಳೆಯ ಕೆಲಸ ಮಾಡಿದೆ. ಮಾಳವ್ವನ ಕೀವು ತೊಳೆದೆಯಾ?"

"ಇಲ್ಲ."

"ಉಳಿದ ಒಂಬತ್ತು ಜನರದು?"

"ಎಣಿಸುವ ಆತುರದಲ್ಲಿದ್ದೆ, ಗುರುಗಳೇ."

"ಬಟ್ಟೆ ತಗೋ, ಬೇವಿನ ಎಣ್ಣೆ ತಗೋ. ಮತ್ತೆ ಹೋಗು."

ಬಾಚಣ್ಣ ಜೋಳಿಗೆ ಕಟ್ಟಿದ. ಹೊಸ್ತಿಲಲ್ಲಿ ನಿಂತ. ಕೇಳದೆ ಹೋಗಲು ಆಗಲಿಲ್ಲ.

"ಈಗ ಅವನದು ಮೂವತ್ತು, ನನ್ನದು ಮೂವತ್ತೊಂದು. ಓಲೆಗೆ ನನ್ನ ಲೇಪವೇ ತಾನೇ?"

"ನಿನ್ನ ಗಂಟುಗಳಲ್ಲಿ ಬಾರದವರದು ಎಷ್ಟು?"



"ಕೆಲವು ಇವೆ. ಅವರು... ವಾಸಿಯಾಗಿರಬೇಕು."

ಗುರುಗಳು ಅವನ ಹುರಿಗೆ ಕೈ ಚಾಚಿದರು.

"ಬೇಕಾದರೆ ನಾನೇ ಹೋಗಿ ನೋಡಿ ಬರುತ್ತೇನೆ."

"ನೀನು ಬೇಡ. ನಿನ್ನ ರೋಗಿಗಳ ಊರುಗಳಿಗೆ ಸೋಯಿದೇವ ನಿನ್ನೆಯೇ ಹೊರಟ. ಅವನಿಗೂ ನಿನ್ನನ್ನು ಕಂಡರೆ ಆಗುವುದಿಲ್ಲ, ಒಂದು ಮನೆಯನ್ನೂ ಬಿಡಲಾರ."

ಕಥೆ ಇಷ್ಟೇ. ಏಳುವ ಮುಂಚೆ ನನ್ನ ಚಹಾದ ದುಡ್ಡೂ ನೀವೇ ಕೊಟ್ಟುಬಿಡಿ.